ಏನೂ ಇಲ್ಲದ ಬಾಟಲಿಯ ಕಂಪನಿಯವರಿಗೆ

ಕಣಾಮೃತ ಹೋಮಿಯೋ ಔಷಧ ಕಂಪನಿಯ ಗುಣಮಟ್ಟ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ. ಅಂಥದೊಂದು ವಿಭಾಗವೇ ಇಲ್ಲದ ಪಕ್ಷದಲ್ಲಿ, ಬಾಟಲಿಗೆ ಮುಚ್ಚಳ ತಿರುವುವ ಪುಣ್ಯಾತ್ಮರ ಕೈಗೆ.

ಮಾನ್ಯರೇ,

ಸೊರಬ ತಾಲ್ಲೂಕು ಹೊಸಬಾಳೆಯಲ್ಲಿ ಒಂದಿಷ್ಟು ಗದ್ದೆ, ಒಂದು ಹಿಂಡು ಕುರಿ ಮತ್ತು ಒಬ್ಬಳೇ ಮೊಮ್ಮಗಳನ್ನು ಇಟ್ಟುಕೊಂಡು ಬದುಕಿರುವ ಚಿಕ್ಕಬೀರಪ್ಪನೆಂಬ ನಾನು, ತಮ್ಮ ಪಾದಗಳಿಗೆ ಎರಡೂ ಕೈ ಜೋಡಿಸಿ ವಂದಿಸುತ್ತೇನೆ. ತಾವು, ತಮ್ಮ ಮನೆಯವರು, ವಿಶೇಷವಾಗಿ ತಮ್ಮ ಮನೆಯಲ್ಲಿ ಹಲ್ಲು ಬರುವ ವಯಸ್ಸಿನ ಮಕ್ಕಳಿದ್ದರೆ ಅವರೆಲ್ಲರೂ ಕ್ಷೇಮವಾಗಿದ್ದೀರೆಂದು, ತಮ್ಮ ಮನೆಯಲ್ಲಿ ತಮ್ಮದೇ ಔಷಧಿಯನ್ನು ಬಳಸುತ್ತಿಲ್ಲವೆಂದು ನಂಬಿದ್ದೇನೆ. ತಮ್ಮ ಕಾರ್ಖಾನೆಯ ‘ಹಾಲ್ದಂತ ಹನಿ’ ಎಂಬ ಔಷಧಿ ನಮ್ಮ ಮೊಮ್ಮಗಳು ಸ್ಪಂದನಳ ಹೊಟ್ಟೆ ಸೇರಿ ಏನು ಮಾಡಿತೆಂದು ತಿಳಿಸುವುದಕ್ಕೂ, ಅದೇ ಬ್ಯಾಚಿನ ಬಾಟಲಿಗಳು ಇವತ್ತಿಗೂ ಶಿರಾಳಕೊಪ್ಪದ ಅಂಗಡಿಗಳಲ್ಲಿ ನಗುನಗುತ್ತಾ ನಿಂತಿರುವುದನ್ನು ತಮ್ಮ ಗಮನಕ್ಕೆ ತಂದು, ದಯಮಾಡಿ ಅವನ್ನು ವಾಪಸು ಕರೆಸಿಕೊಳ್ಳಿ ಎಂದು ಬೇಡುವುದಕ್ಕೂ ಈ ಪತ್ರ. ನಾಲ್ಕು ಜನ ಓದಲೆಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಲಕೋಟೆಯೊಳಗಿಟ್ಟು ಕಳಿಸಿದ ಪತ್ರಗಳಿಗೆ ತಮ್ಮಲ್ಲಿ ಓದುಗರು ಕಡಿಮೆಯೆಂದು ಕಂಡುಬಂದಿದೆ.

ತಮ್ಮ ಪರಿಚಯದ ಭಾಗ್ಯ ನಮಗೆ ಒದಗಿದ್ದು ಶಿರಾಳಕೊಪ್ಪದ ಸಂತೆಯ ದಿನ. ನಾನು ಎರಡು ಟಗರು ಮಾರಲು ಹೋಗಿದ್ದೆ, ಸೊಸೆ ರೋಜಾ ಹಸಿಮೆಣಸಿನಕಾಯಿ ತರಲು ಬಂದಿದ್ದಳು. ಸಂತೆಯ ಬಾಯಲ್ಲೇ ತಮ್ಮ ಕಂಪನಿಯ ಬಿಳಿ ವ್ಯಾನು ನಿಂತಿತ್ತು, ಅದರ ಮುಂದೆ ಇಸ್ತ್ರಿಯ ಅಂಗಿ ತೊಟ್ಟ ತಮ್ಮ ಪ್ರತಿನಿಧಿ ಹರ್ಷವರ್ಧನ ಎಂಬುವರು ಮೈಕು ಹಿಡಿದು, ಅಲೋಪತಿ ಎಂದರೆ ವಿಷ, ಹೋಮಿಯೋ ಎಂದರೆ ಅಮೃತ, ಎಷ್ಟು ತೆಳು ಮಾಡಿದರೆ ಅಷ್ಟು ಬಲ ಜಾಸ್ತಿ, ಅಡ್ಡಪರಿಣಾಮವೆಂಬುದು ನಮ್ಮ ಡಿಕ್ಷನರಿಯಲ್ಲೇ ಇಲ್ಲ ಎಂದು ಸಾರುತ್ತಿದ್ದರು. ಮಗುವಿಗೆ ಹಲ್ಲು ಬರುತ್ತಿದೆ, ಮೈ ಬೆಚ್ಚಗಿರುತ್ತದೆ ಎಂದು ರೋಜಾ ಹೇಳಿದ್ದೇ ತಡ, ಅವರು ಹಾಲ್ದಂತ ಹನಿಯ ಬಾಟಲಿಯನ್ನು ದೇವರ ತೀರ್ಥ ಕೊಡುವ ಹಾಗೆ ಅವಳ ಕೈಗಿಟ್ಟು, ಒಂದಕ್ಕೆ ಒಂದು ಉಚಿತವೆಂದು ಎರಡನೆಯದನ್ನೂ ಕೊಟ್ಟರು. ‘ಹುಟ್ಟಿದ ಕೂಸಿಂದ ಹಿಡ್ದು ಹಾಸಿಗೆ ಹಿಡ್ದ ಮುದುಕರ ತನಕ ಯಾರ್ ಬೇಕಾದ್ರೂ ಕುಡೀಬೋದು ಅಕ್ಕಾ, ಎಷ್ಟ್ ಬೇಕಾದ್ರೂ ಕುಡೀಬೋದು’ ಎಂಬುದು ಅವರ ಬಾಯಿಂದ ಬಂದ ಮಾತು. ನಾನು ಪಕ್ಕದಲ್ಲೇ ಟಗರಿನ ಕಿವಿ ಹಿಡಿದುಕೊಂಡು ನಿಂತು ಕೇಳಿಸಿಕೊಂಡಿದ್ದೇನೆ.

ಈ ಮಾತನ್ನು ಬೇರೆ ಯಾವ ಮನೆಯವರಾದರೂ ಹೊಗಳಿಕೆಯೆಂದು ತಿಳಿದು ಸುಮ್ಮನಾಗುತ್ತಿದ್ದರು. ನಾವು ಕುರಿ ಸಾಕುವವರು, ನಮಗೆ ಅದು ಅಪ್ಪಣೆಯಾಗಿ ಕೇಳಿಸಿತು. ಹಿಂಡಿನಲ್ಲಿ ಒಂದು ಕುರಿಗೆ ಜಂತುಹುಳದ ಮದ್ದು ಹಾಕಿದರೆ ಇಡೀ ಹಿಂಡಿಗೂ ಹಾಕಬೇಕು, ಒಂದನ್ನು ಬಿಟ್ಟರೂ ಹಾಕಿದ ಮದ್ದು ದಂಡ ಎಂಬುದು ನಮ್ಮ ಹಿರಿಯರು ಕಲಿಸಿದ ಪಾಠ. ನನ್ನ ಹೆಂಡತಿ ಗುಡ್ಡಮ್ಮನಿಗೆ ಈ ಪಾಠ ಎಷ್ಟು ಚೆನ್ನಾಗಿ ಬಾಯಿಪಾಠವಾಗಿದೆಯೆಂದರೆ, ಅವಳು ಕುರಿಗೂ ಮನುಷ್ಯರಿಗೂ ಈ ವಿಷಯದಲ್ಲಿ ಭೇದವೆಣಿಸುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಎಲ್ಲರಿಗೂ ಕಷಾಯ, ಒಬ್ಬರಿಗೆ ಹೊಟ್ಟೆ ಕೆಟ್ಟರೆ ಎಲ್ಲರಿಗೂ ಓಮದ ನೀರು. ಬೇಡವೆಂದವರ ಗದ್ದ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಬಿದಿರಿನ ಗೊಟ್ಟದಲ್ಲಿ ಕುರಿಯ ಬಾಯಿಗೆ ಮದ್ದು ಸುರಿಯುವ ಅದೇ ಕೈಚಳಕದಲ್ಲಿ ಅವಳು ನಮ್ಮ ಬಾಯಿಗೂ ಸುರಿಯುತ್ತಾಳೆ.

ಹೀಗಾಗಿ ತಮ್ಮ ಮೊದಲನೆಯ ಬಾಟಲಿಯನ್ನು ಕೂಸಿನೊಂದಿಗೆ ನಾನು, ಗುಡ್ಡಮ್ಮ, ಮಗ ಪರಶುರಾಮ, ಸೊಸೆ ರೋಜಾ ಎಲ್ಲರೂ ಸೇರಿ ಕುಡಿದು ಮುಗಿಸಿದೆವು. ಕೂಸಿಗೆ ಹನಿ, ನಮಗೆಲ್ಲ ಮುಚ್ಚಳ. ಅದು ನೀರಿನ ಹಾಗೆ ತಿಳಿಯಾಗಿತ್ತು, ನೀರಿನ ಹಾಗೆಯೇ ಕೆಲಸ ಮಾಡಿತು. ಯಾರಿಗೂ ಒಳ್ಳೆಯದಾಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ, ಈ ಕಾಲದಲ್ಲಿ ಅದೇ ದೊಡ್ಡದೆಂದು ನಾವು ತಮ್ಮನ್ನು ಹರಸಿದೆವು. ಎರಡನೆಯ ಬಾಟಲಿಯ ಮುಚ್ಚಳ ತೆಗೆದಾಗ ಬಣ್ಣ ತಿಳಿ ಚಹಾದ ಹಾಗಿತ್ತು, ತಳದಲ್ಲಿ ಎಂಥದೋ ಗಸಿ ಕೂತಿತ್ತು, ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಎಂದೂ ಮದ್ದು ಕೇಳಿ ಕುಡಿಯದ ಪರಶುರಾಮ ಅವತ್ತು ‘ಅವ್ವಾ, ನಂಗ್ ಇನ್ನೊಂದ್ ಮುಚ್ಳ ಹಾಕು, ಮೈಕೈ ನೋವು’ ಎಂದನು. ಎರಡೂ ಬಾಟಲಿಯ ಮೇಲೆ ಬ್ಯಾಚಿನ ಸಂಖ್ಯೆ ಒಂದೇ ಇದ್ದುದರಿಂದ, ಒಂದೇ ತಾಯಿಯ ಮಕ್ಕಳಲ್ಲೂ ಒಬ್ಬ ಬೆಳ್ಳಗೆ, ಒಬ್ಬ ಕಪ್ಪಗೆ ಇರುವುದಿಲ್ಲವೇ ಎಂದು ಸಮಾಧಾನ ಮಾಡಿಕೊಂಡು ಅದನ್ನೂ ಎಲ್ಲರೂ ಕುಡಿದೆವು, ಕೂಸಿಗೂ ಹನಿ ಹಾಕಿದೆವು.

ಅವತ್ತು ಮಧ್ಯಾಹ್ನಕ್ಕೆ ಮಗುವಿನ ಮುಖ ಕೆಂಡದ ಹಾಗೆ ಕೆಂಪಾಯಿತು. ಹೆದರಿದ ರೋಜಾ ಬಾಟಲಿಯ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ತಮ್ಮ ಹರ್ಷವರ್ಧನರೇ ಎತ್ತಿಕೊಂಡು, ಸಂತೋಷದಿಂದ ಅವಳನ್ನು ಅಭಿನಂದಿಸಿದರು. ‘ಅದು ಔಷಧಿ ಹಿಡೀತಾ ಇರೋ ಲಕ್ಷಣ ಅಕ್ಕಾ, ಒಳಗಿನ ರೋಗ ಹೊರಗೆ ಬರ್ತಾ ಇದೆ, ಗಾಬರಿ ಬೇಡ, ಇನ್ನೂ ಸ್ವಲ್ಪ ಹನಿ ಜಾಸ್ತಿ ಮಾಡಿ’ ಎಂದರು. ಓದಿದವರು, ಕಂಪನಿಯವರು ಹೇಳಿದ ಮೇಲೆ ನಮ್ಮದೇನು ಎಂದು ರೋಜಾ ಹನಿ ಜಾಸ್ತಿ ಮಾಡಿದಳು. ಮಾನ್ಯರೇ, ಈ ಸಲಹೆಗಾಗಿ ತಮ್ಮ ಕಂಪನಿ ಅವರಿಗೆ ಏನಾದರೂ ಬಹುಮಾನ ಕೊಟ್ಟಿದ್ದರೆ ನನಗೂ ತಿಳಿಸಿ, ನನ್ನ ಕಡೆಯಿಂದಲೂ ಕೊಡಬೇಕಾದದ್ದೊಂದಿದೆ.

ಇಲ್ಲಿಂದ ಮುಂದಿನದನ್ನು ಮರ್ಯಾದೆಯ ಭಾಷೆಯಲ್ಲಿ ಬರೆಯುವುದು ನನಗೆ ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಮಗು ಅಳುವುದನ್ನು ನಿಲ್ಲಿಸಿ, ನಮ್ಮ ಯಾರ ಮುಖವನ್ನೂ ನೋಡದೆ, ಗಾಳಿಯಲ್ಲಿ ಏನನ್ನೋ ಹೆಕ್ಕುವ ಹಾಗೆ ಬೆರಳಾಡಿಸತೊಡಗಿತು. ಅವ್ವ ಎತ್ತಿಕೊಂಡರೆ ಅವ್ವನ ಗುರುತಿಲ್ಲ, ಮೊಲೆ ಕೊಟ್ಟರೆ ಬಾಯಿ ಒಣಗಿ ಕಚ್ಚಲಾಗದು. ತಾತಾ ಎನ್ನಲು ಮೊನ್ನೆ ಮೊನ್ನೆ ಕಲಿತ ಬಾಯಿ ಅದು. ನನಗೆ ಭಯವಾಯಿತು, ಮಾನ್ಯರೇ. ಬೇರೆ ಯಾವ ಅಲಂಕಾರದ ಮಾತೂ ಇಲ್ಲ, ಬರೀ ಭಯ. ಪರಶುರಾಮ ಊರಿನ ಆಟೋ ಕರೆತಂದ, ಐದೂ ಜನ ಅದರಲ್ಲಿ ತುಂಬಿಕೊಂಡು ಸೊರಬದ ಆಸ್ಪತ್ರೆಗೆ ಓಡಿದೆವು.

ಅಲ್ಲಿನ ವೈದ್ಯೆ ಪ್ರಮೀಳಾ ಅವರು ಮಗುವಿನ ಮೈ ಸುಡುವುದನ್ನೂ, ಪ್ರಜ್ಞೆ ತಪ್ಪುತ್ತಿರುವುದನ್ನೂ ನೋಡಿ ಮೆದುಳುಜ್ವರವೇ ಇರಬೇಕೆಂದು ಅನುಮಾನಿಸಿ, ಶಿವಮೊಗ್ಗಕ್ಕೆ ಕಳಿಸಲು ಆಂಬುಲೆನ್ಸಿಗೆ ಹೇಳಿದ್ದರು. ನಮ್ಮನ್ನು ಏನೇನು ಕೊಟ್ಟಿರಿ ಎಂದು ಅವರು ಕೇಳಿದಾಗ, ಏನೂ ಕೊಟ್ಟಿಲ್ಲ ಎಂದೇ ರೋಜಾ ಹೇಳಿದಳು, ಏಕೆಂದರೆ ತಮ್ಮದು ಔಷಧಿಯಲ್ಲ, ಅಮೃತವೆಂದು ಅವಳು ನಂಬಿದ್ದಳು. ಅಷ್ಟರಲ್ಲಿ ಗುಡ್ಡಮ್ಮ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಸೆರಗು ಮುಸುಕು ಹಾಕಿಕೊಂಡಳು, ನಾನು ಬಾಯಿ ಆರಿ ನರ್ಸಮ್ಮನ ಹತ್ತಿರ ಮತ್ತೆ ಮತ್ತೆ ನೀರು ಕೇಳಿದೆ, ಪರಶುರಾಮನೋ ಗೋಡೆಯ ಮೇಲಿನ ದೊಡ್ಡಕ್ಷರದ ಬೋರ್ಡು ಓದಲಾಗದೆ ಬಾಗಿಲೆಂದುಕೊಂಡು ಕಪಾಟಿನೊಳಗೆ ಹೋಗಲು ನೋಡಿದ. ವೈದ್ಯೆ ಟಾರ್ಚು ಹಿಡಿದು ಮೊದಲು ಮಗುವಿನ ಕಣ್ಣು, ಆಮೇಲೆ ಗುಡ್ಡಮ್ಮನ ಕಣ್ಣು, ನನ್ನದು, ಎಲ್ಲರದ್ದೂ ನೋಡಿದರು. ಎಲ್ಲರ ಕಣ್ಣಪಾಪೆಗಳೂ ಬೆಳಕಿಗೆ ಹೆದರದೆ ಅರಳಿಕೊಂಡು ನಿಂತಿದ್ದವು. ‘ಮೆದುಳುಜ್ವರ ಮನೆ ಮಂದಿಗೆಲ್ಲಾ ಒಟ್ಟಿಗೆ ಬರಲ್ಲ ಕಣ್ರೀ! ಎಲ್ಲಾ ಸೇರಿ ಏನ್ ಕುಡಿದ್ರಿ, ನಿಜ ಹೇಳ್ರಿ’ ಎಂದು ಅವರು ಗದರಿದಾಗ ಗುಡ್ಡಮ್ಮ ಮಡಿಲಿನಿಂದ ತಮ್ಮ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

ಬಾಟಲಿಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಬೆಲಡೋನ ಎಂದಿತ್ತಂತೆ. ಅದು ನಮ್ಮ ಉಮ್ಮತ್ತಿಯ ಕಡೆಯ ನೆಂಟ, ವಿಷದ ಗಿಡ, ತೀರಾ ತೆಳು ಮಾಡಿದ್ದರೆ ಏನೂ ಆಗದು, ಸರಿಯಾಗಿ ತೆಳು ಮಾಡದೆ ತುಂಬಿದ್ದರೆ ಮಕ್ಕಳ ಪ್ರಾಣಕ್ಕೇ ಬರುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದರು. ಮೈಗೇರಿದ ವಿಷ ಇಂಥದೆಂದು ಗೊತ್ತಾದ್ದರಿಂದ ಶಿವಮೊಗ್ಗದಲ್ಲಿ ಅದಕ್ಕೆ ತಕ್ಕ ಚಿಕಿತ್ಸೆಯಾಯಿತು. ಮರುದಿನ ಹೊತ್ತೇರಿದ ಮೇಲೆ ಮಗು ರೋಜಾಳ ಮೂಗುಬೊಟ್ಟು ಹಿಡಿದೆಳೆಯಿತು, ಆಗ ನಾವು ಉಸಿರು ಬಿಟ್ಟೆವು. ‘ಹಾಲು ಕುಡ್ದ ಮಕ್ಳೇ ಬದುಕೋದ್ ಕಷ್ಟ, ಇದು ಇವರ ವಿಷ ಕುಡ್ದು ಬದುಕ್ತಲ್ಲ’ ಎಂದು ಗುಡ್ಡಮ್ಮ ಅತ್ತಳು. ಮನೆಯವರೆಲ್ಲರಿಗೂ ಮದ್ದು ಕುಡಿಸುವ ಅವಳ ಹುಚ್ಚನ್ನು ಇಷ್ಟು ವರ್ಷ ಬೈದುಕೊಂಡು ಬಂದ ನಾನು ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ಮಗು ಒಂದೇ ಕುಡಿದಿದ್ದರೆ ಅದು ಜ್ವರದ ಲೆಕ್ಕಕ್ಕೆ ಹೋಗುತ್ತಿತ್ತು, ತಮ್ಮ ಬಾಟಲಿ ಗುಡ್ಡಮ್ಮನ ಮಡಿಲಲ್ಲೇ ಉಳಿಯುತ್ತಿತ್ತು.

ಇನ್ನು ತಮ್ಮ ಕಂಪನಿಯ ವಿದ್ವತ್ತಿನ ವಿಷಯ. ಮನೆಗೆ ಬಂದ ಮೇಲೆ ನಾನೇ ಫೋನು ಮಾಡಿ ವಿಚಾರಿಸಲಾಗಿ, ಅದೇ ಹರ್ಷವರ್ಧನರು ಬಹಳ ತಾಳ್ಮೆಯಿಂದ, ‘ಯಜಮಾನ್ರೇ, ನಮ್ಮ ಔಷಧೀಲಿ ಏನೂ ಇರೋದೇ ಇಲ್ಲ, ಅಷ್ಟು ತೆಳು ಮಾಡಿರ್ತೀವಿ, ಏನೂ ಇಲ್ದೇ ಇರೋದು ತೊಂದ್ರೆ ಹ್ಯಾಗ್ ಕೊಡುತ್ತೆ’ ಎಂದು ಕೇಳಿದರು. ಸಂತೆಯಲ್ಲಿ ಮೈಕು ಹಿಡಿದಾಗ ಅದರಲ್ಲಿ ಆನೆಬಲ, ದೂರು ಕೊಟ್ಟಾಗ ಅದರಲ್ಲಿ ಏನೂ ಇಲ್ಲ. ಮಗುವಿನ ಮುಖ ಕೆಂಪಾದಾಗ ಅದು ಔಷಧಿ ಹಿಡಿದ ಲಕ್ಷಣ, ಆಸ್ಪತ್ರೆಗೆ ಸೇರಿಸಿದಾಗ ಅದಕ್ಕೂ ಔಷಧಿಗೂ ಸಂಬಂಧವಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಗೋಡೆಯ ಎರಡೂ ಕಡೆ ಒಂದೊಂದು ದೀಪವಿಟ್ಟು ಎರಡಕ್ಕೂ ಎಣ್ಣೆಯ ಬೆಲೆ ವಸೂಲು ಮಾಡುವವರನ್ನು ಈಗಲೇ ನೋಡಿದ್ದು. ಕೊನೆಗೆ ಅವರು, ನಾವು ದೊಡ್ಡವರು ಮುಚ್ಚಳಗಟ್ಟಲೆ ಕುಡಿದದ್ದೇ ತಪ್ಪೆಂದರು. ಏನೂ ಇಲ್ಲದ್ದನ್ನು ಮುಚ್ಚಳದಲ್ಲಿ ಕುಡಿದರೇನು, ಕೊಡದಲ್ಲಿ ಕುಡಿದರೇನು ಎಂದು ನಾನು ಕೇಳುವಷ್ಟರಲ್ಲಿ ಸಿಗ್ನಲ್ಲು ಹೋಯಿತು.

ಹೋಮಿಯೋಪತಿಯನ್ನು ನಂಬುವವರ ಮೇಲೆ ನನಗೆ ಜಗಳವಿಲ್ಲ, ಅದು ಅವರ ನಂಬಿಕೆ. ನನ್ನ ಜಗಳ ಬಾಟಲಿಯ ಜೊತೆ. ನಮ್ಮ ಕುರಿಗಳಿಗೆ ತರುವ ಜಂತುಹುಳದ ಮದ್ದಿನ ಮೇಲೆ, ಎಷ್ಟು ತೂಕದ ಕುರಿಗೆ ಎಷ್ಟು, ಗಬ್ಬದ ಕುರಿಗೆ ಹಾಕಬಹುದೋ ಬಾರದೋ, ಒಳಗೆ ಏನಿದೆ, ಎಷ್ಟಿದೆ, ಯಾವಾಗ ಮಾಡಿದ್ದು, ಯಾವಾಗ ಕೆಡುವುದು ಎಲ್ಲವನ್ನೂ ಕನ್ನಡದಲ್ಲೇ ಅಚ್ಚು ಹಾಕಿದ್ದಾರೆ. ಬಾಟಲಿ ಕುಲುಕಿ ಹಾಕಿ ಎಂದು ಕುರಿಯ ಮೇಲೂ ಕರುಣೆ ತೋರಿದ್ದಾರೆ. ತಮ್ಮ ಬಾಟಲಿಯ ಮೇಲೆ ನಗುವ ಮಗುವಿನ ಬಣ್ಣದ ಚಿತ್ರವೇ ಅಂಗೈಯಗಲ ಹಬ್ಬಿಕೊಂಡು, ತಯಾರಿಸಿದ ತಾರೀಕು ಮುಚ್ಚಳದ ಅಂಟಿನ ಕೆಳಗೆ ಮುಸುಕೆಳೆದು ಮಲಗಿದೆ. ಮುಂದಿನ ಜನ್ಮದಲ್ಲಿ ನಮ್ಮ ಸ್ಪಂದನ ಕುರಿಮರಿಯಾಗಿ ಹುಟ್ಟಿದರೆ ಅವಳ ಔಷಧಿಯ ವಿಷಯದಲ್ಲಿ ನಾನು ನಿಶ್ಚಿಂತನಾಗಿರಬಹುದು.

ಕಳೆದ ಸಂತೆಯ ದಿನ ನಾನು ಮತ್ತೆ ಶಿರಾಳಕೊಪ್ಪಕ್ಕೆ ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯಿಟ್ಟಿರುವ ಉಜ್ಜಪ್ಪನ ಮುಂದೆ ನಿಂತು, ಈ ಬ್ಯಾಚಿನ ಹಾಲ್ದಂತ ಹನಿ ಮಾರಬೇಡವೆಂದು ಕೈಮುಗಿದೆ. ಉಜ್ಜಪ್ಪ ಕೆಟ್ಟವನಲ್ಲ. ‘ಕಂಪನಿಯವ್ರು ವಾಪಸ್ ತಗೋತೀವಿ ಅಂದ್ರ ಈಗ್ಲೇ ಕೊಟ್ಟು ಕೈ ತೊಳ್ಕಂತೀನಿ ರೀ, ಅವರೇ ಛಲೋ ಐತಿ ಅಂತಾರ, ನಾ ಹೆಂಗ ಬಿಸಾಕ್ಲಿ?’ ಎಂದನು. ನಾವು ಮಾತಾಡುತ್ತಿದ್ದ ಹಾಗೆಯೇ ಬಳ್ಳಿಗಾವಿಯ ಸಂಗೀತ ಎಂಬ ಹೆಣ್ಣುಮಗಳು, ಸೊಂಟದ ಮೇಲೆ ಜೊಲ್ಲು ಸುರಿಸುವ ಕೂಸನ್ನಿಟ್ಟುಕೊಂಡು ಬಂದು, ತಮ್ಮ ಔಷಧಿಯನ್ನೇ ಕೇಳಿದಳು. ಬೇಡವೆಂದು ನಾನು ಅಡ್ಡ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿಮ್ಮನಿ ಕೂಸಿಗೆ ಆಗಿಬರ್ಲಿಲ್ಲ ಅಂತ ನಮ್ಮನಿ ಕೂಸಿಗೂ ಬ್ಯಾಡನ್ರೀ ಅಜ್ಜಾರ? ನೀವು ಯಾವ್ ಕಂಪನಿಯವ್ರು?’ ಎಂದು ಕೇಳಿದಳು.

ಬಾಟಲಿ ಅವಳ ಚೀಲಕ್ಕೆ ಹೋಯಿತು, ಅವಳು ಬಳ್ಳಿಗಾವಿಯ ಬಸ್ಸು ಹತ್ತಿದಳು. ನಾನು ಈ ವಯಸ್ಸಿನಲ್ಲಿ ಬಸ್ಸಿನ ಪಕ್ಕ ಓಡುತ್ತಾ, ‘ಕಣ್ಣು ನೋಡವ್ವಾ, ಕಣ್ಣಪಾಪೆ ಅಗಲ ಆದ್ರೆ ತಕ್ಷಣ ನಿಲ್ಸವ್ವಾ, ಆಸ್ಪತ್ರೆಗೆ ಬಾಟ್ಲೀನೂ ಒಯ್ಯವ್ವಾ’ ಎಂದು ಕಿಟಕಿಗೆ ಕೂಗಿದೆ. ಬಸ್ಸಿನವರೆಲ್ಲ ನಕ್ಕರು. ಅವಳ ಚೀಲದಲ್ಲಿದ್ದದ್ದು ತಮ್ಮ ನೀರಿನ ಬಾಟಲಿಯೋ ಚಹಾದ ಬಾಟಲಿಯೋ ನನಗೆ ಗೊತ್ತಿಲ್ಲ, ಉಜ್ಜಪ್ಪನಿಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಮರುದಿನ ಬಳ್ಳಿಗಾವಿಗೆ ಹೋಗಿ ಕೇಳಿದರೆ ಆ ಹೆಸರಿನವರು ಊರಲ್ಲಿ ಹಲವರಿದ್ದಾರೆ, ಹಲ್ಲು ಬರುವ ಕೂಸಿನವಳು ತವರಿಗೆ ಹೋಗಿದ್ದಾಳೆ ಎಂದರು. ತವರು ಯಾವುದೆಂದು ಅಪರಿಚಿತ ಮುದುಕನಿಗೆ ಯಾರೂ ಹೇಳಲಿಲ್ಲ. ಅವರದ್ದು ತಪ್ಪಲ್ಲ.

ಆದಕಾರಣ ಮಾನ್ಯರಲ್ಲಿ ನನ್ನ ಕೆಲವು ಸಣ್ಣ ಕೋರಿಕೆಗಳಿವೆ. ಯಾವುದೋ ಕಾಲದಲ್ಲಿ ತನ್ನೊಳಗೆ ಬಿದ್ದ ಬೇರನ್ನು ನೀರು ನೆನಪಿಟ್ಟುಕೊಳ್ಳುತ್ತದೆ, ಅದೇ ನಮ್ಮ ಔಷಧಿಯ ಗುಟ್ಟು ಎಂದು ತಮ್ಮವರು ಸಂತೆಯಲ್ಲಿ ಹೇಳಿದ್ದರು. ಅಷ್ಟು ಜ್ಞಾಪಕಶಕ್ತಿಯ ನೀರನ್ನೇ ತಮ್ಮ ಕಾರ್ಖಾನೆಯ ಮೇಲ್ವಿಚಾರಕರಿಗೂ ದಿನಕ್ಕೆರಡು ಬಾರಿ ಕುಡಿಸಿ, ಯಾವ ಬಾಟಲಿಗೆ ಏನು ತುಂಬಿದೆವೆಂಬುದು ಅವರಿಗೂ ನೆನಪಿರುವಂತೆ ಮಾಡಬೇಕು. ತೆಳುವಾದಷ್ಟೂ ಬಲ ಹೆಚ್ಚೆಂಬುದು ದಿಟವಾದರೆ, ಒಂದೇ ಒಂದು ಹನಿಯನ್ನು ನಮ್ಮ ದಂಡಾವತಿ ಹೊಳೆಗೆ ಬಿಟ್ಟುಬಿಡಿ. ಅದು ವರದೆಯನ್ನು ಸೇರಿ ಕೆಳಗಿನ ಊರಿನವರೆಲ್ಲರ ಹಲ್ಲನ್ನೂ ನೋಡಿಕೊಳ್ಳಲಿ, ಬಾಟಲಿಯ ಖರ್ಚಾದರೂ ತಮಗೆ ಉಳಿಯಲಿ. ಹರ್ಷವರ್ಧನರ ಮಾತನ್ನೂ ಅದೇ ವಿಧಾನದಿಂದ ತೆಳು ಮಾಡುತ್ತಾ ಹೋಗಿ, ಕಡೆಗೆ ಅದರಲ್ಲಿ ಒಂದು ಶಬ್ದವೂ ಉಳಿಯದ ಹಾಗೆ ಮಾಡಿದರೆ ಅದಕ್ಕಿಂತ ಒಳ್ಳೆಯ ಔಷಧಿಯನ್ನು ತಮ್ಮ ಕಂಪನಿ ಈವರೆಗೆ ಮಾಡಿಲ್ಲ. ಇವೆಲ್ಲ ಆಗದಿದ್ದರೆ ಬೇಡ. ಆ ಬ್ಯಾಚನ್ನು ಅಂಗಡಿಗಳಿಂದ ತೆಗೆಸಿ, ಮಾರಿಹೋದ ಊರುಗಳಲ್ಲಿ ಅದೇ ವ್ಯಾನು, ಅದೇ ಮೈಕಿನಲ್ಲಿ, ಕುಡಿಸಬೇಡಿ ಎಂದು ಒಂದು ಸಲ ಕೂಗಿಸಿ. ಇದಕ್ಕಾಗಿ ನಾನು ತಮ್ಮ ಕಾಲು ಹಿಡಿಯಲೂ ಸಿದ್ಧನಿದ್ದೇನೆ, ಇದರಲ್ಲಿ ವ್ಯಂಗ್ಯವಿಲ್ಲ.

ತಮ್ಮ ಅಮೂಲ್ಯ ಸಮಯವನ್ನು ಕುರಿಯವನೊಬ್ಬ ಇಷ್ಟು ಹೊತ್ತು ಮೇಯ್ದದ್ದಕ್ಕೆ ಕ್ಷಮೆಯಿರಲಿ.

ಎರಡು ಕಣ್ಣೂ ಈಗ ನೆಟ್ಟಗಾಗಿರುವ,
ತಮ್ಮ ವಿಶ್ವಾಸಿ,
ಚಿಕ್ಕಬೀರಪ್ಪ
ಹೊಸಬಾಳೆ, ಸೊರಬ ತಾಲ್ಲೂಕು

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕಲು ಹೊರಟಾಗಲೇ ಕೊರಿಯರಿನಲ್ಲಿ ತಮ್ಮ ಪೆಟ್ಟಿಗೆ ಬಂತು. ‘ಆದ ಅನಾನುಕೂಲಕ್ಕೆ ವಿಷಾದಿಸುತ್ತಾ, ಪುಟ್ಟ ಕಂದನಿಗೆ ಪ್ರೀತಿಯಿಂದ’ ಎಂದು ಮೇಲೆ ಅಂಟಿಸಿ, ಪರಿಹಾರವೆಂದು ಒಳಗೆ ಒಂದು ಡಜನ್ ಹಾಲ್ದಂತ ಹನಿ ಇಟ್ಟಿದ್ದೀರಿ. ಪರಶುರಾಮ ಒಂದೊಂದನ್ನೇ ತೆಗೆದು ನೋಡಿದ, ಎಲ್ಲವೂ ಅದೇ ಬ್ಯಾಚು. ಅವನು ಹೊಂಡಕ್ಕೆ ಎಸೆಯಲು ಎತ್ತಿದ, ನಾನೇ ತಡೆದು ಪೆಟ್ಟಿಗೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇದನ್ನು ತಮಗೆ ವಾಪಸು ಕಳಿಸುವ ಧೈರ್ಯ ನನಗಿಲ್ಲ, ತಾವು ಅದನ್ನು ಮತ್ತೆ ಅಂಗಡಿಗೆ ಕಳಿಸುತ್ತೀರಿ. ದೊಡ್ಡ ಮನಸ್ಸು ಮಾಡಿ, ಆ ಬ್ಯಾಚು ಪೂರ್ತಿ ಮುಗಿಯುವ ತನಕ ನನಗೇ ಹೀಗೆ ಪರಿಹಾರ ಕಳಿಸುತ್ತಿರಿ. ನಮ್ಮ ಮನೆಯಲ್ಲಿ ಜಾಗ ಕಡಿಮೆ, ಆದರೆ ನಮ್ಮ ಟ್ರಂಕಿನ ಬಾಯಿ ಮಕ್ಕಳ ಬಾಯಿಗಿಂತ ದೊಡ್ಡದಿದೆ.